ಕತ್ತಿ ಮೆಟ್ಟಿ ಹೇಳಿದ ಮಾತು

ಈ ಸೀಮೆಯಲ್ಲಿ ಲಿವರಿಗೆ ಅಳತೆ ತೆಗೆದು, ಬಟ್ಟೆ ಕತ್ತರಿಸಿ, ಲೈನಿಂಗ್ ಕೊಟ್ಟು ಹೊಲಿದ ಟೈಲರ್ ನಾನೊಬ್ಬಳೇ. ಬೇಕಾದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ವಿಚಾರಿಸಿ ನೋಡಿ. ನನ್ನ ಹೆಸರು ವಿನಯಾ, ಹೆಮ್ಮಾಡಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ಹದಿನೆಂಟು ವರ್ಷ ರವಿಕೆ, ಚೂಡಿದಾರ ಹೊಲಿದು ಮರ್ಯಾದೆಯಿಂದ ಬದುಕಿದ್ದೆ. ಒಂದು ದಿನ ಕುಂದಾಪುರದ ಸುಧೀರ ಬೈಕಿನಿಂದ ಇಳಿಯುವ ಮೊದಲೇ ಕೂಗಿದ.

"ಹ್ವಾಯ್ ವಿನಯಕ್ಕ, ಒಂದ್ ಜೊತಿ ಕಿಡ್ನಿ ಬೇಕಿತ್ತ್. ಆಯ್ತವಾರದ ಒಳ್ಗ್ ಆತ್ತಾ?"

ಅಂಗಡಿಯಲ್ಲಿ ಕೂತಿದ್ದ ಇಬ್ಬರು ಗಿರಾಕಿಗಳು ಎದ್ದು ನಿಂತರು. ಮದುವೆಯ ರವಿಕೆಗೆ ಕೊಟ್ಟ ಬಟ್ಟೆಯನ್ನು ಒಬ್ಬಾಕೆ ಕೈಚೀಲಕ್ಕೆ ವಾಪಸು ತುರುಕಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ಸುಧೀರ ಕೇಬಲ್ ಟೀವಿಯವನು. ಕುಂದಾಪುರದಲ್ಲಿ ಒಂದು ಪಾತ್ರೆ ಅಂಗಡಿಯ ಮಾಳಿಗೆಯ ಮೇಲೆ ಅವನ ಚಾನೆಲ್ ಇದೆ. ಅದರಲ್ಲಿ ಹಳೆಯ ಮದುವೆಗಳು, ಭಜನೆ, ವಾಲಿಬಾಲ್ ಪಂದ್ಯ ಎಲ್ಲ ಬರುತ್ತದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾತ್ರ ಮಕ್ಕಳ ಕಾರ್ಯಕ್ರಮ. ಹೆಸರು "ಹೊಟ್ಟಿ ಒಳ್ಗ್ ಎಂತ ಇತ್ತ್?" ದೇಹ, ಕಾಯಿಲೆ, ಮದ್ದು, ಇವನ್ನೆಲ್ಲ ಮಕ್ಕಳಿಗೆ ತಿಳಿಯುವಂತೆ ಹೇಳಬೇಕೆಂದು ಅವನ ಆಸೆ. ಮಕ್ಕಳೇ ಹೃದಯ, ಮಕ್ಕಳೇ ಶ್ವಾಸಕೋಶ. ನಾನು ಹೊಲಿದದ್ದನ್ನು ಮೈಮೇಲೆ ಕಟ್ಟಿಕೊಂಡು ಕ್ಯಾಮರಾ ಮುಂದೆ ನಿಲ್ಲುತ್ತಾರೆ. ಗುಂಡಿಗೆಗೆ ಕೆಂಪು ಮಖಮಲ್ಲು ಹಾಕಿದೆ. ಸಣ್ಣ ಕರುಳಿಗೆ ಗುಲಾಬಿ ಬಣ್ಣದ ಲಂಗದ ಬಟ್ಟೆ, ಹತ್ತಿರಹತ್ತಿರ ಇಪ್ಪತ್ತು ಅಡಿ. ಅದಕ್ಕೆ ಹತ್ತಿ ತುಂಬಿಸುವಷ್ಟರಲ್ಲಿ ನನ್ನ ಸ್ವಂತ ಕರುಳು ಬಾಯಿಗೆ ಬಂದಿತ್ತು.

ಕಾರ್ಯಕ್ರಮದ ಡಾಕ್ಟರು ನಿಜವಾದ ಡಾಕ್ಟರೇ. ನಿಶ್ಮಿತಾ ಎಂದು ಹೆಸರು, ಬ್ರಹ್ಮಾವರದವರು. ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ಸರ್ಜನ್. ಮೂವತ್ತೆರಡು ವರ್ಷ, ಕೈ ಚುರುಕು, ಮನಸ್ಸು ಒಳ್ಳೆಯದು. ಆದರೆ ಕ್ಯಾಮರಾದ ಕೆಂಪು ದೀಪ ಹತ್ತಿತೋ, ನಾಲಗೆಗೆ ಪಠ್ಯಪುಸ್ತಕ ಅಂಟಿಕೊಳ್ಳುತ್ತದೆ. "ಜಠರದಲ್ಲಿ ಆಮ್ಲವು ಸ್ರವಿಸಲ್ಪಟ್ಟು ಆಹಾರವು ಪಚನಗೊಳ್ಳುತ್ತದೆ" ಎನ್ನುತ್ತಾರೆ. ಮಕ್ಕಳು ಆಕಳಿಸುತ್ತಾರೆ. ಆಗ ವಂಡ್ಸೆಯ ಶರಣ್ಯಾ ಎದ್ದು ನಿಲ್ಲುತ್ತಾಳೆ. ನಾಲ್ಕನೇ ಕ್ಲಾಸು, ಎದುರಿನ ಎರಡು ಹಲ್ಲಿಲ್ಲ, ಹೆದರಿಕೆ ಎಂಬುದು ಹುಟ್ಟಿದಾಗಿನಿಂದಲೂ ಇಲ್ಲ. "ಅಂದ್ರೆ ಹೊಟ್ಟಿ ಒಳ್ಗ್ ಹುಳಿ ನೀರ್ ಬತ್ತ್ ಅಂದಾ ಡಾಕ್ಟ್ರೇ?" ಎಂದು ಕೇಳುತ್ತಾಳೆ. ಡಾಕ್ಟರು "ಹೌದು" ಎನ್ನುತ್ತಾರೆ. ಜನ ನೋಡುತ್ತಿದ್ದದ್ದು ಈ ಹೆಣ್ಣಿನ ಬಾಯಿಗಾಗಿಯೇ.

ನನ್ನ ಅಮ್ಮ ಮಾತ್ರ ತಪ್ಪು ಹುಡುಕಲಿಕ್ಕೆ ನೋಡುತ್ತಿದ್ದಳು.

ಅಮ್ಮನ ಹೆಸರು ಪದ್ದು. ನಾವಿರುವುದು ನಾವುಂದದಲ್ಲಿ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಹೆಮ್ಮಾಡಿಗೆ ಬರುತ್ತೇವೆ, ನಾನು ಅಂಗಡಿಗೆ, ಅವಳು ಮೀನು ಮಾರ್ಕೆಟ್ಟಿಗೆ. ನಲವತ್ತು ವರ್ಷದಿಂದ ಅಲ್ಲಿ ಅದೇ ಜಾಗದಲ್ಲಿ ಈಳಿಗೆಯಂಥ ಮೆಟ್ಟುಕತ್ತಿಯ ಹಲಗೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಕೂತು ಮೀನು ಮಾರಿ, ಕೊಯ್ದೂ ಕೊಡುತ್ತಾಳೆ. "ಗುಂಡಿಗಿ ಅಷ್ಟ್ ದೊಡ್ಡದ್ ಇಪ್ಪುದಾ? ಕರ್ಳಿಗ್ ಆ ಬಣ್ಣ ಎಂತಕ್ಕ್ ಹೆಣೆ? ಜಾತ್ರಿಗ್ ಹೊರ್ಟದ್ದಾ?" ಎಂದು ಟೀವಿಯ ಮುಂದೆ ನನ್ನ ಮರ್ಯಾದೆ ತೆಗೆಯುತ್ತಿದ್ದಳು. ಮೀನಿನ ಒಳಗು ಬಲ್ಲವಳಿಗೆ ಮನುಷ್ಯರ ಒಳಗು ಏನು ಮಹಾ ಎಂದು ಅವಳ ಲೆಕ್ಕ.

ಅಮ್ಮನಿಗೊಂದು ಕಟ್ಟುಪಾಡಿದೆ. ಕತ್ತಿ ಮೆಟ್ಟಿಕೊಂಡು ಸುಳ್ಳು ಹೇಳಬಾರದು. ಅನ್ನ ಕೊಡುವ ಕತ್ತಿ ಅದು, ಕಾಲು ಅದರ ಮೇಲಿರುವಾಗ ಬಾಯಲ್ಲಿ ಸತ್ಯವೇ ಬರಬೇಕು. ಹಾಗೆಂದು ಅವಳು ಹರಿಶ್ಚಂದ್ರನ ಮೊಮ್ಮಗಳೇನೂ ಅಲ್ಲ. ಗಿರಾಕಿ "ಮೀನು ಇವತ್ತಿನದ್ದಾ?" ಎಂದು ಕೇಳಿದಾಗ ಕತ್ತಿಯಿಂದ ಮೆಲ್ಲನೆ ಕಾಲು ತೆಗೆದು, ಸೀರೆ ಸರಿ ಮಾಡಿಕೊಂಡು, "ಈಗ ಬೋಟಿಂದ ಇಳ್ದದ್ದೇ" ಎಂದಳೆಂದರೆ ಅದು ನಿನ್ನೆಯ ಮೀನು. ಈ ಗುಟ್ಟು ನನಗೆ ಗೊತ್ತು, ಪ್ರಫುಲ್ಲಾ ಟೀಚರಿಗೆ ಗೊತ್ತು. ರಿಟೈರಾದ ಈ ಟೀಚರು ಮೀನಿನ ಕಣ್ಣು, ಕಿವಿರು ಯಾವುದನ್ನೂ ನೋಡುವವರಲ್ಲ. ಅಮ್ಮನ ಕಾಲು ನೋಡಿ ಮೀನು ತೆಗೆದುಕೊಳ್ಳುತ್ತಾರೆ.

ಅಮ್ಮನ ಇನ್ನೊಂದು ಹೆಚ್ಚುಗಾರಿಕೆ ಕಹಿ ಚೀಲದ್ದು. ಮೀನಿನ ಲಿವರಿನ ಅಡಿಗೆ ಹಸಿರು ಬಣ್ಣದ ಸಣ್ಣದೊಂದು ಚೀಲ ಇರುತ್ತದಲ್ಲ, ಕೊಯ್ಯುವಾಗ ಅದು ಒಡೆದರೆ ಮುಗಿಯಿತು. ಉಪ್ಪು, ಹುಳಿ ಹಾಕಿ ಎಷ್ಟು ಉಜ್ಜಿದರೂ ಕಹಿ ಪೂರ್ತಿ ಹೋಗುವುದಿಲ್ಲ. ಪದ್ದು ಕೊಯ್ದುಕೊಟ್ಟ ಮೀನು ಕಹಿಯಾಯಿತು ಎಂದು ನಲವತ್ತು ವರ್ಷದಲ್ಲಿ ಒಬ್ಬರೂ ವಾಪಸು ಬಂದದ್ದಿಲ್ಲ. "ಬೇರೆಯೋರಿಗ್ ಒಡಿತ್" ಎನ್ನುತ್ತಿದ್ದಳು ಅಮ್ಮ. ತನ್ನ ಸುದ್ದಿ ಹೇಳುತ್ತಿರಲಿಲ್ಲ. ನಾವೂ ಕೇಳುತ್ತಿರಲಿಲ್ಲ.

ಮನೆಯಲ್ಲಿ ಅವಳ ಮೇಲೆ ನನಗೊಂದು ಹಳೆಯ ದೂರಿತ್ತು. ನಾನು, ನನ್ನ ತಮ್ಮ ರತನ್ ಸಣ್ಣವರಿದ್ದಾಗಿನಿಂದಲೂ ಅಮ್ಮ ಮೀನುಸಾರು ಮಾಡಿದರೆ ದೊಡ್ಡ ಮಡಕೆಯ ಪಕ್ಕದಲ್ಲಿ ಆಗಾಗ ಒಂದು ಸಣ್ಣ ಮಡಕೆಯೂ ಒಲೆಯ ಮೇಲೆ ಇರುತ್ತಿತ್ತು. ಅದು ಅವಳೊಬ್ಬಳಿಗೆ. ಕೇಳಿದರೆ "ನಂಗ್ ಖಾರ ಜಾಸ್ತಿ ಬೇಕ್" ಎನ್ನುತ್ತಿದ್ದಳು. ಕೈ ಹಾಕಲು ಹೋದರೆ ಸೌಟಿನಲ್ಲಿ ಒಂದು ಬೀಳುತ್ತಿತ್ತು. ಒಳ್ಳೆಯ ತುಂಡನ್ನು ತನಗಿಟ್ಟುಕೊಳ್ಳುವ ಅಮ್ಮ ಊರಲ್ಲಿ ಇನ್ನೊಬ್ಬಳಿಲ್ಲ ಎಂದು ನಾನೂ ರತನನೂ ಮಾತಾಡಿಕೊಳ್ಳುತ್ತಿದ್ದೆವು. ಅವನೀಗ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾನೆ, ಫೋನು ಮಾಡಿದಾಗ ಇವತ್ತಿಗೂ "ಸಣ್ಣ ಮಡ್ಕಿ ಹ್ಯಾಂಗಿತ್ತ್?" ಎಂದೇ ಅಮ್ಮನನ್ನು ವಿಚಾರಿಸುತ್ತಾನೆ.

ಹೀಗಿರುವಾಗ ಹೋದ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಮಾರ್ಕೆಟ್ಟಿನಿಂದ ನನ್ನನ್ನು ಕೂಗಿದರು. ಹೋಗಿ ನೋಡಿದರೆ ಅಮ್ಮ ಬುಟ್ಟಿಯ ಮೇಲೆ ಬಗ್ಗಿಕೊಂಡಿದ್ದಾಳೆ, ಮೈಯೆಲ್ಲ ಬೆವರು. ಬಲಗಡೆ ಪಕ್ಕೆಲುಬಿನ ಅಡಿಗೆ ಕೈ ಒತ್ತಿಕೊಂಡು "ಗ್ಯಾಸ್" ಎಂದಳು. ನಮ್ಮ ಕಡೆ ಸಕಲ ಕಾಯಿಲೆಗೂ ಇದೊಂದೇ ಹೆಸರು. ಶುಂಠಿ, ಓಮ, ಪುನರ್ಪುಳಿ ಎಲ್ಲ ಆಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಅಮ್ಮ ಹಿತ್ತಲನ್ನೇ ಅರೆದು ಕುಡಿದಳು. ವಾರದಲ್ಲಿ ನೋವು ಮತ್ತೆ ಬಂತು. ಹೊತ್ತುಕೊಂಡು ಹೋದ ಹಾಗೆ ಡಾಕ್ಟರ್ ನಿಶ್ಮಿತಾ ಹತ್ತಿರ ಕರೆದುಕೊಂಡು ಹೋದೆ. ಸ್ಕ್ಯಾನಿನಲ್ಲಿ ಕಂಡಿತು, ಪಿತ್ತದ ಚೀಲದ ತುಂಬ ಕಲ್ಲು.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಲು ಹೊರಟರು. ಅಮ್ಮ ಪೆನ್ನಿಗೆ ಬೆರಳು ಅಡ್ಡ ಇಟ್ಟು, "ಗೊತ್ತಿತ್ತ್. ಲಿವರಿನ ಅಡಿಗ್, ಹಸ್ರ್ ಚೀಲ. ಮುಂದ್ ಹೇಳಿ" ಎಂದಳು. ಚೀಲವನ್ನೇ ತೆಗೆಯಬೇಕು, ಹೊಟ್ಟೆ ಪೂರ್ತಿ ಕೊಯ್ಯುವುದಿಲ್ಲ, ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮರಾ ಇಳಿಸಿ, ಟೀವಿಯಲ್ಲಿ ನೋಡಿಕೊಂಡು ತೆಗೆಯುತ್ತೇವೆ ಎಂದರು ಡಾಕ್ಟರು. ಅವರು ಧೈರ್ಯ ತುಂಬಲೆಂದೇ ಹೇಳಿದ್ದು.

ಅಮ್ಮ ಎದ್ದು ನಿಂತಳು. "ಹೋಪ ಹೆಣೆ."

ಬಸ್‌ಸ್ಟ್ಯಾಂಡಿಗೆ ಬಂದೆವು. ಅಲ್ಲಿ ಬಾಯಿ ಬಿಟ್ಟಳು.

"ಹೊಟ್ಟಿ ಪೂರಾ ಬಿಚ್ಚಿ, ಹಗಲ್ ಬೆಳ್ಕಲ್ ಕೂಕಂಡ್, ಕಣ್ಣಿನ್ ಹತ್ರ ಹಿಡ್ಕಂಡ್ ತೆಗುವತಿಗೇ ಜನಕ್ಕ್ ಒಡಿತ್. ಈ ಹೆಣ್ಣ್ ತೂತ್ ಮಾಡಿ, ಟೀವಿ ಕಂಡ್ಕಂಡ್ ತೆಗಿತ್ಲಂಬ್ರ್! ಒಡ್ದ್ರೆ ಎಂತ ಮಾಡುದ್? ಜೀವ್ಮಾನ ಪೂರಾ ನಾ ಕಹಿ ಆಯ್ಕಂಡ್ ಇರ್ಕಾ? ಉಂಡ್ ಗಂಜಿಯೂ ಕಹಿ, ಕುಡ್ದ್ ನೀರೂ ಕಹಿ."

"ಈಗ ಎಂತ ಬೆಲ್ಲದ್ ಹಾಂಗ್ ಇದ್ಯಾ?" ಎಂದೆ ನಾನು. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ.

ನಗು ಬರುತ್ತದೆ, ಆದರೆ ಎರಡು ವಾರದಲ್ಲಿ ಮೂರನೆಯ ಸಲ ನೋವು ಬಂದಾಗ ನನಗೆ ನಗು ಬರಲಿಲ್ಲ. ಡಾಕ್ಟರು ನನ್ನನ್ನು ಬದಿಗೆ ಕರೆದರು. ಒಂದು ಕಲ್ಲು ಜಾರಿ ಕೊಳವೆಯಲ್ಲಿ ಸಿಕ್ಕಿಕೊಂಡರೆ ಕಾಮಾಲೆ, ಕೀವು, ಆಮೇಲೆ ಜೀವಕ್ಕೇ ಅಪಾಯ. ಈ ತಿಂಗಳೊಳಗೆ ಹೇಗಾದರೂ ಒಪ್ಪಿಸಿ ಎಂದರು. ನಾನು ಎಂಟು ವರ್ಷದವಳಿದ್ದಾಗ ಅಪ್ಪ ಕಡಲಿಗೆ ಹೋದವನು ಬರಲಿಲ್ಲ. ಅಂದಿನಿಂದ ಅಮ್ಮನ ಬುಟ್ಟಿಯಲ್ಲೇ ನಾವು ಬೆಳೆದದ್ದು. ಅವಳಿಲ್ಲದ ಮನೆಯನ್ನು ನೆನೆಸಿಕೊಂಡು ಆ ದಿನ ಅಂಗಡಿಯಲ್ಲಿ ಒಂದು ತೋಳನ್ನು ಉಲ್ಟಾ ಹೊಲಿದೆ.

ಬೇಡಿಕೊಂಡೆ, ಬೈದೆ, ರತನನಿಂದ ಬೈಸಿದೆ. ಅಮ್ಮ ಜಪ್ಪಯ್ಯ ಎನ್ನಲಿಲ್ಲ.

ಆ ಹೊತ್ತಿಗೆ ಸುಧೀರ ಹೊಸ ಆರ್ಡರ್ ತಂದ. ಮುಂದಿನ ಕಂತು ಲಿವರ್ ಮತ್ತು ಪಿತ್ತದ ಚೀಲದ್ದು. ಲಿವರಿಗೆ ಕಾಫಿಪುಡಿ ಬಣ್ಣದ ಬಟ್ಟೆ, ಚೀಲಕ್ಕೆ ಹಸಿರು ರವಿಕೆ ಕಣ. ಲಿವರಾಗುವವನು ಕೀರ್ತನ್ ಎಂಬ ದುಂಡನೆಯ ಹುಡುಗ, ಪಿತ್ತದ ಚೀಲ ನಮ್ಮ ಶರಣ್ಯಾ. "ನಂಗ್ ಗುಂಡಿಗಿ ಬೇಕಿದಿತ್" ಎಂದು ಅವಳು ಮುನಿಸಿಕೊಂಡಿದ್ದಳಂತೆ. ಇಬ್ಬರನ್ನೂ ಸೇರಿಸಲು ನಾನೊಂದು ರವಿಕೆಯ ಹುಕ್ಕು ಇಟ್ಟೆ. ಹುಕ್ಕು ಹೊಲಿಯುತ್ತಿರುವಾಗಲೇ ನನಗೆ ಬುದ್ಧಿ ಹೊಳೆಯಿತು. ಬಟ್ಟೆಯ ಚೀಲದ ಜೊತೆಗೆ ನಿಜವಾದ ಚೀಲವನ್ನೂ ತೋರಿಸಿದರೇನು? ಮೀನು ಇದೆ, ಕೊಯ್ಯುವವಳು ಮನೆಯಲ್ಲೇ ಇದ್ದಾಳೆ.

ಟೀವಿಯಲ್ಲಿ ಬರುವುದೆಂದರೆ ಅಮ್ಮನಿಗೆ ಆಸೆ. ಆದರೂ ಬಿಗುಮಾನ ಬಿಡಬೇಕಲ್ಲ.

"ಬತ್ತೆ. ಆರೆ ಒಂದ್ ಮಾತ್. ನಾ ಒಂದ್ ಮೀನ್ ಕೊಯ್ತೆ, ಆ ಡಾಕ್ಟ್ರಮ್ಮ ಒಂದ್ ಕೊಯ್ಯಲಿ, ನನ್ ಕಣ್ಣೆದ್ರಿಗೆ. ಚೀಲ ಒಡಿದೇ ತೆಗುದ್ರೆ ಆಪರೇಶನ್ನಿಗ್ ಹೋತೆ. ಒಡ್ದ್ರೆ ನೀ ಇನ್ನ್ ಬಾಯಿ ಬಿಡುಕಾಗ."

ನಾನು ಒಪ್ಪಿದೆ. ಐದೂವರೆ ವರ್ಷ ಎಂಬಿಬಿಎಸ್, ಮೂರು ವರ್ಷ ಸರ್ಜರಿ ಕಲಿತವರಿಗೆ ಹೆಮ್ಮಾಡಿ ಮಾರ್ಕೆಟ್ಟಿನವಳ ಮುಂದೆ ಮತ್ತೊಂದು ಪರೀಕ್ಷೆ ಬಾಕಿ ಇತ್ತು. ಡಾಕ್ಟರು ಫೋನಿನಲ್ಲಿ ನಕ್ಕರು. ಹತ್ತು ನಿಮಿಷ ಕಳೆದು ಅವರೇ ವಾಪಸು ಫೋನು ಮಾಡಿ, ಸಣ್ಣ ದನಿಯಲ್ಲಿ, "ವಿನಯಾ ಅವರೇ, ನಮ್ಮ ಮನೆಯಲ್ಲಿ ಮೀನು ಅಮ್ಮನೇ ಕೊಯ್ಯುವುದು. ನನಗೆ ತಿಂದು ಮಾತ್ರ ಅಭ್ಯಾಸ. ಒಂದು ಕಿಲೋ ಬಂಗುಡೆ ಗುಟ್ಟಾಗಿ ತಂದುಕೊಡುತ್ತೀರಾ?" ಎಂದು ಕೇಳಿದರು. ನಾಲ್ಕು ದಿನ ಹೊಲಿಗೆ ಬಟ್ಟೆಯ ಚೀಲದಲ್ಲಿ ಬಂಗುಡೆ ಸಾಗಿಸಿದೆ. ಆ ವಾರ ಬಟ್ಟೆ ತೆಗೆದುಕೊಂಡು ಹೋದವರೆಲ್ಲ ರವಿಕೆಯನ್ನು ಒಮ್ಮೆ ಮೂಸಿ ನೋಡಿದರು. ನಾಲ್ಕನೆಯ ದಿನ ಹತ್ತರಲ್ಲಿ ಒಂಬತ್ತು ಚೀಲ ಸರಿಯಾಗಿ ಬಂತು ಎಂದು ಡಾಕ್ಟರು ಹೇಳಿದಾಗ ನಾನು ಮನೆದೇವರಿಗೆ ಒಂದು ತೆಂಗಿನಕಾಯಿ ಹೇಳಿಕೊಂಡೆ. ಹತ್ತನೆಯದಕ್ಕೂ ಸೇರಿಸಿ ಹೇಳಿಕೊಳ್ಳಬೇಕಿತ್ತು.

ಶನಿವಾರ ಹನ್ನೊಂದು ಗಂಟೆಗೆ ಸುಧೀರನ ಮಾಳಿಗೆಯಲ್ಲಿ ರೆಕಾರ್ಡಿಂಗ್. ಸುಧೀರ ಅಗರಬತ್ತಿ ಹಚ್ಚಿದ್ದ. ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿದ್ದ. ಆ ಸೆಖೆಯಲ್ಲಿ ಮೀನು, ಅಗರಬತ್ತಿ, ಎಂಟು ಮಕ್ಕಳ ಬೆವರು ಸೇರಿ ಆದ ವಾಸನೆ ಟೀವಿಯಲ್ಲಿ ಬರುವುದಿಲ್ಲ ಎಂಬುದು ಜನರ ಪುಣ್ಯ. ಅಮ್ಮ ನೀಲಿ ರೇಷ್ಮೆ ಸೀರೆ ಉಟ್ಟು, ಹೆಮ್ಮಾಡಿಯ ಸೇವಂತಿಗೆ ಮುಡಿದು, ತನ್ನ ಮೆಟ್ಟುಕತ್ತಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಒಂದೇ ಗಾತ್ರದ ಎರಡು ಕೆಂಬೇರಿ ಮೀನನ್ನೂ ಅವಳೇ ಆರಿಸಿ ತಂದಿದ್ದಳು.

ಮೊದಲು ಅಮ್ಮ. ಕತ್ತಿಯ ಹಲಗೆಯ ಮೇಲೆ ಕಾಲಿಟ್ಟು ಕೂತಳು, ಮೀನನ್ನು ಎರಡು ಕೈಯಲ್ಲಿ ಹಿಡಿದಳು, ಹೊಟ್ಟೆಯನ್ನು ಕತ್ತಿಗೆ ಒಮ್ಮೆ ತೋರಿಸಿದ ಹಾಗೆ ಮಾಡಿದಳು, ಅಷ್ಟೇ. ಎರಡು ಬೆರಳು ಒಳಗೆ ಹೋಗಿ ಬಂದವು. ಅಂಗೈಯಲ್ಲಿ ಇಡೀ ಲಿವರು, ಅದರ ಅಡಿಗೆ ಹಸಿರು ಚೀಲ, ಪುಟ್ಟ ದ್ರಾಕ್ಷಿಯ ಹಾಗೆ. ಮಕ್ಕಳು ಚಪ್ಪಾಳೆ ತಟ್ಟಿದರು. ಶರಣ್ಯಾ ತನ್ನ ಹೊಟ್ಟೆಗೆ ಕಟ್ಟಿದ ಹಸಿರು ಬಟ್ಟೆಯನ್ನೂ ಆ ದ್ರಾಕ್ಷಿಯನ್ನೂ ಹೋಲಿಸಿ ನೋಡಿ, "ಇಷ್ಟ್ ಸಣ್ಣ ಪಾರ್ಟಾ ನಂಗ್ ಕೊಟ್ಟದ್ದ್?" ಎಂದಳು.

ಆಮೇಲೆ ಡಾಕ್ಟರು. ಮೇಜಿನ ಮೇಲೆ ಮೀನು, ಕೈಗೆ ಗ್ಲೌಸು, ಬೆರಳಲ್ಲಿ ಸಣ್ಣ ಬ್ಲೇಡು. ನಿಧಾನಕ್ಕೆ ಹೊಟ್ಟೆ ಬಿಚ್ಚಿದರು. ಅಮ್ಮ ಕೂತಲ್ಲಿಂದಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಡಾಕ್ಟರ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು. ನನ್ನ ಕೈಯಲ್ಲಿ ಸೂಜಿ ಇತ್ತು, ಕೀರ್ತನನ ಹುಕ್ಕು ಬಿಟ್ಟುಕೊಂಡದ್ದನ್ನು ಹಾಕುತ್ತಿದ್ದೆ. ಸೂಜಿಯನ್ನು ಲಿವರಿನಲ್ಲೇ ಬಿಟ್ಟು ಮೇಜಿನ ಕಡೆ ಬಗ್ಗಿದೆ. ಚೀಲ ಕಂಡಿತು. ಡಾಕ್ಟರ ಬೆರಳು ಅದರ ಅಡಿಗೆ ಹೋಯಿತು. ಬಂತು, ಬಂತು ಎನ್ನುವಷ್ಟರಲ್ಲಿ ಮೂಗಿನ ತುದಿಯ ಬೆವರು ಉದುರಿತು. ಡಾಕ್ಟರು ಕಣ್ಣು ಮಿಟುಕಿಸಿದರು.

ಬಿಳಿ ಮಾಂಸದ ಮೇಲೆ ಹಸಿರು ನೀರು ಹರಡಿಕೊಂಡಿತು.

ಸುಧೀರ ಕ್ಯಾಮರಾ ನಿಲ್ಲಿಸುವುದನ್ನೂ ಮರೆತ. ಅಮ್ಮ ನನ್ನ ಕಡೆ ತಿರುಗಿ, "ಕಂಡ್ಯಾ ಹೆಣೆ?" ಎಂದಳು. ಗೆದ್ದವಳ ಮುಖವಲ್ಲ ಅದು. ಅವಳಿಗೂ ಎಲ್ಲೋ ಒಂದು ಆಸೆಯಿತ್ತೆಂದು ನನಗೆ ಆಗ ಗೊತ್ತಾಯಿತು. ನನಗೆ ಅಳು ಬಂತು. ಬುದ್ಧಿವಂತಿಕೆ ಮಾಡಲು ಹೋಗಿ ಇದ್ದ ಒಂದು ದಾರಿಯನ್ನೂ ನಾನೇ ಮುಚ್ಚಿದ್ದೆ.

ಆಗ ಶರಣ್ಯಾ ಮುಂದೆ ಬಂದು ಅಮ್ಮನ ಎದುರು ಕುಕ್ಕುರುಗಾಲಲ್ಲಿ ಕೂತಳು. "ಅಜ್ಜಿ, ನಿಮ್ಮ ಕೈಯ್ಯಗ್ ಒಡಿಲೇ ಇಲ್ಯಾ? ಒಂದ್ ಸಲವೂ?"

ಮಾರ್ಕೆಟ್ಟಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಬಾರದು. ಮೀನು ಮಾರುವವಳಿಗೆ ಇದು ಮರ್ಯಾದೆಯ ಪ್ರಶ್ನೆ. ಅಮ್ಮ ಬಾಯಿ ತೆರೆದಳು. ಅವಳ ಕಣ್ಣು ಕೆಳಗೆ ಹೋಯಿತು. ಕಾಲು ಇನ್ನೂ ಕತ್ತಿಯ ಮೇಲೆಯೇ ಇತ್ತು. ಈಗ ಕಾಲು ತೆಗೆಯುತ್ತಾಳೆ, ಸೀರೆ ಸರಿ ಮಾಡಿಕೊಳ್ಳುತ್ತಾಳೆ ಎಂದು ನಾನು ನೋಡುತ್ತಿದ್ದೆ. ಹೆಬ್ಬೆರಳು ಒಮ್ಮೆ ಅಲುಗಾಡಿತು. ಎದುರಿಗೆ ಹಲ್ಲಿಲ್ಲದ ಬಾಯಿ ತೆರೆದುಕೊಂಡು ಆ ಹೆಣ್ಣು ಕಾಯುತ್ತಿತ್ತು. ಅಮ್ಮ ಕಾಲು ತೆಗೆಯಲಿಲ್ಲ.

"ಒಡ್ದಿತ್" ಎಂದಳು. "ಸುಮಾರ್ ಸಲ ಒಡ್ದಿತ್."

"ಹಾಂಗಾರೆ ಆ ಮೀನ್ ಯಾರಿಗ್ ಮಾರ್ತ್ರಿ?"

"ಮಾರುದಿಲ್ಲೆ. ಕೊಂಡೋರಿಗ್ ಬೇರೆ ಮೀನ್ ಕೊಡ್ತೆ. ಅದನ್ನ್ ಮನಿಗ್ ತಕಂಡ್ ಹೋತೆ."

"ಮನೇರಿಗ್ ಕಹಿ ಆತಿಲ್ಯಾ?"

"ಮಕ್ಕಳಿಗ್ ಕೊಡುದಿಲ್ಲೆ. ನಾ ಬೇರೆ ಮಾಡ್ಕಂತೆ. ನಾನೇ ತಿಂತೆ."

ನನ್ನ ಕಣ್ಣ ಮುಂದೆ ಆ ಸಣ್ಣ ಮಡಕೆ ಬಂದು ನಿಂತಿತು. ಮೂವತ್ತು ವರ್ಷ ನಾವು ಅವಳನ್ನು ಆಡಿಕೊಂಡದ್ದು, ಖಾರ ಜಾಸ್ತಿ ಬೇಕು ಎಂದು ಅವಳು ಹೇಳಿದ್ದು, ಸೌಟಿನಲ್ಲಿ ಬಿದ್ದ ಪೆಟ್ಟು, ಎಲ್ಲ. ಅಂಗೈಯ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನನಗೆ ಬೇಕಾಯಿತು. ಎದುರಿಗಿದ್ದ ಮಡಕೆಯನ್ನು ಕಾಣಲು ವಂಡ್ಸೆಯಿಂದ ಒಂದು ಪಿತ್ತದ ಚೀಲ ಬರಬೇಕಾಯಿತು. ನಾನು ಅಲ್ಲೇ ಕೀರ್ತನನ ಲಿವರಿಗೆ ಮುಖ ಒತ್ತಿಕೊಂಡು ಅತ್ತೆ. ಅವನು ಪಾಪ, ಅಲುಗಾಡದೆ ನಿಂತಿದ್ದ.

ಡಾಕ್ಟರು ಗ್ಲೌಸು ಕಳಚಿದರು. ಚಪ್ಪಲಿಯನ್ನೂ ಕಳಚಿದರು. ಅಮ್ಮನ ಹತ್ತಿರ ಬಂದು ನೆಲಕ್ಕೆ ಕೂತು, "ಪದ್ದಕ್ಕ, ಒಂಚೂರ್ ಬದಿಗ್ ಬನ್ನಿ" ಎಂದು, ಮೆಟ್ಟುಕತ್ತಿಯ ಹಲಗೆಯ ಮೇಲೆ ತಾವು ಕಾಲಿಟ್ಟರು. ಪಠ್ಯಪುಸ್ತಕದ ಕನ್ನಡ ಎಲ್ಲಿ ಹೋಯಿತೋ, ಬ್ರಹ್ಮಾವರದ ಮನೆಯ ಮಾತು ಬಂತು.

"ನನ್ ಕೈಯ್ಯಗೂ ಒಡ್ದಿತ್. ಮೀನಿನ್ದ್ ಅಲ್ಲ, ಮನುಷ್ಯರದ್ದ್. ಸುಮಾರ್ ಸಲ. ಒಡ್ದ್ರೆ ಅಲ್ಲೇ ಉಪ್ಪ್ ನೀರ್ ಹಾಕಿ ತೊಳಿತೆ, ತೊಳ್ದದ್ದನ್ನ ಪೂರಾ ಹೀರಿ ತೆಗಿತೆ. ಯಾರೂ ಕಹಿ ಆಯಿಲ್ಲ. ಎಲ್ಲರೂ ನೆಡ್ಕಂಡ್ ಮನಿಗ್ ಹೋಯಿರ್. ನಿಮ್ದ್ ಒಡುದೇ ಇಲ್ಲೆ ಅಂದ್ ನಾ ಹೇಳುದಿಲ್ಲೆ. ಒಡ್ದ್ರೆ ಎಂತ ಮಾಡ್ಕ್ ಅಂದ್ ನಂಗ್ ಗೊತ್ತಿತ್ತ್."

ಅಮ್ಮ ಡಾಕ್ಟರ ಕಾಲನ್ನೇ ನೋಡುತ್ತಿದ್ದಳು. ಅದು ಅಲುಗಾಡುತ್ತದೆಯೇ ಎಂದು ಕಾಯುತ್ತಿದ್ದಳು. ಪ್ರಫುಲ್ಲಾ ಟೀಚರು ಅವಳ ಕಾಲನ್ನು ನೋಡುವ ಹಾಗೆಯೇ. ಅದು ಅಲುಗಾಡಲಿಲ್ಲ.

"ಒಡುದೇ ಇಲ್ಲೆ ಅಂಬವ್ಳ್ ಕೈಯ್ಯಗ್ ನಾ ಹೊಟ್ಟಿ ಕೊಡ್ತಿರ್ಲಿಲ್ಲೆ" ಎಂದಳು ಕೊನೆಗೆ. "ನಿಂಗ್ ಕೊಡ್ತೆ. ಯಾವತ್ತ್ ಬರ್ಕ್ ಹೇಳ್."

ಅಷ್ಟು ಹೇಳಿ, ಡಾಕ್ಟರು ಒಡೆದ ಕೆಂಬೇರಿಯನ್ನು ಹಾಳೆಯಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಅಭ್ಯಾಸ ಬಲ. ನಾನು ಅದನ್ನು ಕಿತ್ತುಕೊಂಡೆ.

ಕಾರ್ಯಕ್ರಮ ಭಾನುವಾರ ಬಂತು, ಒಂದು ಕತ್ತರಿಯೂ ಹಾಕದೆ. "ಇದನ್ನ್ ಕತ್ತರ್ಸಿದ್ರೆ ನನ್ ಕೈ ಬಿದ್ದ್ ಹೋತ್" ಎಂದ ಸುಧೀರ. ಸೋಮವಾರ ಅಮ್ಮ ಮಾರ್ಕೆಟ್ಟಿಗೆ ಹೆದರಿಕೊಂಡೇ ಹೋದಳು. ಊರಿಗೆಲ್ಲ ಗೊತ್ತಾಯಿತು, ಇನ್ನು ಪದ್ದುವಿನ ಕೈಯಿಂದ ಯಾರು ಮೀನು ಕೊಳ್ಳುತ್ತಾರೆ ಎಂದು ಬಸ್ಸಿನ ತುಂಬ ಗೊಣಗಿದಳು. ಮೊದಲು ಬಂದವರು ಪ್ರಫುಲ್ಲಾ ಟೀಚರು. ಮೀನು ನೋಡಲಿಲ್ಲ, ಕಾಲನ್ನೂ ನೋಡಲಿಲ್ಲ. "ನಲ್ವತ್ತ್ ವರ್ಷ ನಮ್ಮನಿಗ್ ಒಂದ್ ಕಹಿ ಮೀನ್ ಬರ್ಲಿಲ್ಲೆ ಪದ್ದು. ಎಲ್ಲಿಗ್ ಹೋಯ್ತ್ ಅಂದ್ ನಿ‌ನ್ನೆ ಗೊತ್ತಾಯ್ತ್ ಕಾಣ್" ಎಂದರು. ಎಂದಿನಂತೆ ಚೌಕಾಸಿ ಮಾಡಿಯೇ ಕಾಣೆ ಮೀನು ಕೊಂಡುಹೋದರು.

ಆಪರೇಶನ್ ಗುರುವಾರ ಆಯಿತು. ಎಚ್ಚರವಾದ ಕೂಡಲೇ ಅಮ್ಮ ಕೇಳಿದ್ದು ಒಂದೇ ಮಾತು. "ಒಡಿತಾ?" "ಇಲ್ಲೆ ಪದ್ದಕ್ಕ" ಎಂದು ಡಾಕ್ಟರು ಹನ್ನೊಂದು ಕಲ್ಲುಗಳನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಕೊಟ್ಟರು. ಅಮ್ಮ ನರ್ಸಿನ ಹತ್ತಿರ ನೀರು ಕೇಳಿ, ಒಂದು ಗುಟುಕು ಬಾಯಲ್ಲಿ ಸುಮಾರು ಹೊತ್ತು ಇಟ್ಟುಕೊಂಡು ರುಚಿ ನೋಡಿದಳು. ನುಂಗಿದ ಮೇಲೆಯೇ ನನ್ನ ಕಡೆ ನೋಡಿ ನಕ್ಕಳು.

ಹತ್ತು ದಿನದ ಮೇಲೆ ಎಣ್ಣೆಯಿಲ್ಲದ ಮೀನುಸಾರು ತಿನ್ನಬಹುದು ಎಂದರು. ಅಮ್ಮ ಚಾವಡಿಯಲ್ಲಿ ಮಲಗಿ ಹುಕುಂ ಕೊಡುತ್ತಿದ್ದಳು, ನಾನು ಹಿಂಬಾಗಿಲಲ್ಲಿ ಅವಳ ಮೆಟ್ಟುಕತ್ತಿಯ ಮೇಲೆ ಕಾಲಿಟ್ಟು ಬಂಗುಡೆ ಕೊಯ್ಯುತ್ತಿದ್ದೆ. ಲಿವರು ಹೊಲಿದವಳೇ ಹೊರತು ಬಿಚ್ಚಿದವಳಲ್ಲ ನಾನು. ನಾಲ್ಕನೆಯ ಮೀನಿನಲ್ಲಿ ಬೆರಳಿನ ಅಡಿಗೆ ಏನೋ ಪಿಸಕ್ಕೆಂದಿತು. ಹಸಿರು ನೀರು.

"ಹೆಣೆ, ಒಡಿತಾ?" ಒಳಗಿನಿಂದ ದನಿ ಬಂತು. ಆ ಹೆಂಗಸಿಗೆ ಚೀಲ ತೆಗೆದರೂ ಕಿವಿ ಇದ್ದಲ್ಲೇ ಇತ್ತು.

ನಾನು ಕತ್ತಿಯಿಂದ ಮೆಲ್ಲನೆ ಕಾಲು ತೆಗೆದೆ. ಸೀರೆ ಸರಿ ಮಾಡಿಕೊಂಡೆ. "ಇಲ್ಲೆ ಅಮ್ಮ" ಎಂದೆ.

ಆ ಮೀನನ್ನು ಉಪ್ಪು, ಹುಳಿ ಹಾಕಿ ಉಜ್ಜಿ ತೊಳೆದು ಬೇರೆ ಇಟ್ಟೆ. ದೊಡ್ಡ ಮಡಕೆಯ ಪಕ್ಕದಲ್ಲಿ ಸಣ್ಣ ಮಡಕೆಯನ್ನೂ ಒಲೆಗೆ ಏರಿಸಿದೆ, ಖಾರ ಸ್ವಲ್ಪ ಜಾಸ್ತಿ ಹಾಕಿ. ಊಟದ ಹೊತ್ತಿಗೆ ಅಮ್ಮ ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಬಂದಳು. ದೊಡ್ಡ ಮಡಕೆಯ ಕಡೆ ನೋಡಲೇ ಇಲ್ಲ. ಸಣ್ಣದರ ಮುಚ್ಚಳ ತೆಗೆದು, ಸೌಟಿನಲ್ಲಿ ಮೀನನ್ನು ಎರಡು ತುಂಡು ಮಾಡಿ, ದೊಡ್ಡ ತುಂಡನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

"ನಿಂಗ್ ಬ್ಯಾಡ ಅಮ್ಮ, ಡಾಕ್ಟ್ರ್ ಬೈತ್ರ್."

"ಡಾಕ್ಟ್ರ್ ಎಣ್ಣಿ ಬ್ಯಾಡ ಅಂದದ್ದ್. ಕಹಿ ಬ್ಯಾಡ ಅಂದಿಲ್ಲೆ."

ಇಬ್ಬರೂ ಎದುರುಬದುರು ಕೂತು ತಿಂದೆವು. ಒಂದು ಚೂರೂ ಕಹಿಯಿರಲಿಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಇದನ್ನು ಬರೆಯುವಾಗ ನನ್ನ ಕಾಲು ಹೊಲಿಗೆ ಮೆಷಿನ್ನಿನ ಮೇಲಿದೆ, ಕತ್ತಿಯ ಮೇಲಿಲ್ಲ.